ಇನ್ನೊಂದು ಚಪಾತಿ

ತೋಳಿನ ಸುತ್ತ ಟೇಪು ಹಿಡಿದಿದ್ದಾಗಲೇ ಹುಡುಗಿ ಚೌಡೇಶ್ವರಿಗೆ ಬಿಕ್ಕಳಿಕೆ ಬಂತು. ಟೇಪು ಜಾರಿತು. ವನಜಾಕ್ಷಿ ಮತ್ತೆ ಸುತ್ತಿದಳು, ಮತ್ತೆ ಬಿಕ್ಕಳಿಕೆ ಬಂತು, ಇಬ್ಬರೂ ನಕ್ಕರು. ಆಮೇಲೆ ನಗು ನಿಂತು ಬಿಕ್ಕಳಿಕೆ ಮಾತ್ರ ಉಳಿಯಿತು. ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಸ್ಟೀಲ್ ಬಿಂದಿಗೆ ಇತ್ತು, ಅದರ ಮುಚ್ಚಳದ ಮೇಲೆ ಲೋಟ ಬೋರಲು ಹಾಕಿತ್ತು. ಚೌಡೇಶ್ವರಿ ಬಿಂದಿಗೆ ನೋಡಿದಳು, ತಕ್ಷಣ ಗೋಡೆಯ ಕ್ಯಾಲೆಂಡರ್ ನೋಡಿದಳು, ಕ್ಯಾಲೆಂಡರಿನಲ್ಲಿ ಏನೋ ಬಹಳ ಮುಖ್ಯವಾದದ್ದು ಇದ್ದ ಹಾಗೆ ನೋಡುತ್ತಲೇ ನಿಂತಳು. ವನಜಾಕ್ಷಿಯೂ ಬಿಂದಿಗೆಯ ಕಡೆ ತಿರುಗಲಿಲ್ಲ. “ಉಸುರು ಬಿಗಿ ಹಿಡ್ಕೊಳ್ಳೆ, ನಿಲ್ತೈತೆ” ಎಂದಳು. ಹುಡುಗಿ ಕೆನ್ನೆ ಉಬ್ಬಿಸಿ ಉಸಿರು ಹಿಡಿದಳು. ಆ ಉಬ್ಬಿದ ಮುಖದ ಮುಂದೆ ವನಜಾಕ್ಷಿ ಎದೆಯ ಅಳತೆ, ಸೊಂಟದ ಅಳತೆ, ಬೆನ್ನಿನ ಅಳತೆ ಎಲ್ಲ ಬೇಗ ಬೇಗ ತೆಗೆದಳು, ಪರೀಕ್ಷೆ ಬರೆಯುತ್ತಿರುವವರ ಹಾಗೆ. “ತೋಳು ಗಿಡ್ಡ ಇಡ್ಲಾ?” “ಗಿಡ್ಡ ಆಂಟಿ. ಪಫ್ ಬ್ಯಾಡ.” ಹುಡುಗಿ ಚಪ್ಪಲಿ ಮೆಟ್ಟಿ ಹೊರಟಳು. ಕಿಟಕಿಯಿಂದ ಕಂಡಿತು: ನಾಲ್ಕು ಮನೆ ಆಚೆ, ಬೀದಿ ನಲ್ಲಿಗೆ ಬೊಗಸೆ ಒಡ್ಡಿ, ಬಗ್ಗಿ, ದಾವಣಿ ನೆನೆಯುವಷ್ಟು ಹೊತ್ತು ಕುಡಿದಳು. ಸದ್ಯ ನೀರು ಸಿಕ್ಕಿತಲ್ಲ ಎನ್ನಿಸಿತು ವನಜಾಕ್ಷಿಗೆ. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ಸಿಟ್ಟೂ ಬಂತು.

ಆ ಬೀದಿಗೆ, ನ್ಯಾಮತಿಯ ಅರ್ಧದಷ್ಟು ಜನಕ್ಕೆ, ಅವಳು ಮದ್ದು ಹಾಕುವವಳು. ಎದುರಿಗೆ ನಿಂತು ಯಾರೂ ಹೇಳಿದ್ದಿಲ್ಲ. ಅನ್ನದಲ್ಲೋ ಸಾರಿನಲ್ಲೋ ಉಗುರಿನ ಸಂದಿಯಿಂದ ಒಂದಿಷ್ಟು ಏನನ್ನೋ ಬೆರೆಸುತ್ತಾಳಂತೆ, ಅದು ತಿಂದವರ ಹೊಟ್ಟೆಯೊಳಗೆ ಕೂತು ಬೇರು ಬಿಡುತ್ತದಂತೆ, ಹೊಟ್ಟೆ ಉಬ್ಬಿ ಮೈ ಒಣಗಿ ವರ್ಷಗಟ್ಟಲೆ ಸವೆಯುತ್ತಾರಂತೆ. ಹಾಕುವವರನ್ನೂ ಅದು ಬಿಡುವುದಿಲ್ಲವಂತೆ, ಹಾಕದಿದ್ದರೆ ಅವರನ್ನೇ ಹಿಡಿಯುತ್ತದಂತೆ. ಇಷ್ಟೆಲ್ಲ ಅವಳಿಗೂ ಗೊತ್ತಿತ್ತು, ಚಿಕ್ಕವಳಾಗಿದ್ದಾಗ ತವರೂರು ಬಸವಾಪಟ್ಟಣದಲ್ಲಿ ಬೇರೆ ಒಬ್ಬ ಹೆಂಗಸಿನ ಬಗ್ಗೆ ಅವಳೂ ಇದೇ ಮಾತನ್ನು ಆಡಿದ್ದಳು, ಆ ಹೆಂಗಸು ಕೊಟ್ಟ ಕೊಬ್ಬರಿ ಮಿಠಾಯಿಯನ್ನು ಓಡಿಹೋಗಿ ಚರಂಡಿಗೆ ಎಸೆದಿದ್ದಳು. ಶಾಲೆಯ ಬಿಸಿಯೂಟದ ಅಡುಗೆ ಕೆಲಸ ಹೋದ ಮೇಲೆ ಅವಳು ಕಲಿತದ್ದು ಎಂದರೆ ಸಿಪ್ಪೆ ಇದ್ದದ್ದನ್ನು ಜನ ತಿನ್ನುತ್ತಾರೆ ಎಂಬುದು. ಬಾಳೆಹಣ್ಣು ತಿನ್ನುತ್ತಾರೆ. ಒಡೆಯದ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಳ್ಳುತ್ತಾರೆ. ಎಳನೀರನ್ನು ಅವರ ಕಣ್ಣೆದುರಿಗೇ ಕೆತ್ತಿದರೆ ಕುಡಿಯುತ್ತಾರೆ. ಹಾಗಾಗಿ ಮನೆಯಲ್ಲಿ ಯಾವಾಗಲೂ ಬಾಳೆಹಣ್ಣು ತೂಗುತ್ತಿತ್ತು. ಉಗುರನ್ನು ಅವಳು ಮಾಂಸಕ್ಕೆ ತಾಗುವಷ್ಟು ಕತ್ತರಿಸುತ್ತಿದ್ದಳು, ಬಟ್ಟೆಯ ದಾರ ಎಳೆಯಲು ಆಗದಷ್ಟು. ಹಿಟ್ಟು ನಾದುವಾಗ ಕೆಲವೊಮ್ಮೆ ಕೈ ತಡೆದು ನಿಲ್ಲುತ್ತಿತ್ತು. ತನಗೇ ಗೊತ್ತಿಲ್ಲದ ಹಾಗೆ ಏನಾದರೂ ಬೆರೆಯುತ್ತಿದೆಯೋ? ಕೇಳಿ ಕೇಳಿ ಒಳಗೆ ಇಳಿದಿತ್ತು ಅದು.

“ನನ್ ಮ್ಯಾಲೆ ಮಾತ್ರ ನಿನ್ ಮದ್ದು ನಡೆಯಂಗಿಲ್ಲ ಬಿಡು” ಎನ್ನುತ್ತಿದ್ದ ಗಂಡ ಶಿವಮೂರ್ತಪ್ಪ, ತಟ್ಟೆಯಲ್ಲಿ ಕೊನೆಯ ಅಗುಳನ್ನೂ ಬಳಿದು. ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಅವನದು. ಬೆರಳುಗಳಿಗೆ ಸದಾ ವಾರ್ನಿಷಿನ ವಾಸನೆ. “ಯಾವ ಕಂಪನಿ ಮಾಲೋ, ಎಕ್ಸ್‌ಪೈರಿ ಆಗೈತೆ.” ಅವಳು ಬೈಯುತ್ತಿದ್ದಳು. ಬೈಯುವಾಗಲೂ ಅವನ ತಟ್ಟೆ ನೋಡುತ್ತಿದ್ದಳು, ಇಷ್ಟು ವರ್ಷ ದಿನಕ್ಕೆ ಎರಡು ಹೊತ್ತು ಇವನು ತಾನು ಮಾಡಿದ್ದನ್ನು ತಿಂದು, ಸಕ್ಕರೆ ಕಾಯಿಲೆ ಒಂದು ಬಿಟ್ಟರೆ ಗಟ್ಟಿಯಾಗಿದ್ದಾನಲ್ಲ ಎಂದು ಸಾಕ್ಷಿ ಎಣಿಸುವವಳ ಹಾಗೆ.

ಬೆಳಿಗ್ಗೆ ಸಿದ್ದಲಿಂಗೇಶ್ ಫೋನ್ ಮಾಡಿದ್ದ. “ಅತ್ತೆ, ಮಧ್ಯಾಹ್ನ ಊಟಕ್ಕೆ ಬರ್ತೀನಿ.” ಅಷ್ಟೇ, ಇಟ್ಟುಬಿಟ್ಟ. ಊಟಕ್ಕೆ. ಅಣ್ಣನ ಮಗ ಸಿದ್ದು ಈ ಮನೆಯ ಹೊಸ್ತಿಲ ಒಳಗೆ ಕೂತು ಉಂಡು ಯಾವ ಕಾಲವಾಯಿತು. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದ, ಕಾಲು ಮುಟ್ಟುತ್ತಿದ್ದ, ಈ ಕಡೆ ಬಂದಾಗ ಬೈಕಿನ ಮೇಲೆ ಕೂತೇ “ಚೆನ್ನಾಗಿದೀಯಾ ಅತ್ತೆ” ಎನ್ನುತ್ತಿದ್ದ, ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಇಂಜಿನ್ನಿನ ಆ ಸದ್ದು ಅವಳಿಗೆ ಬಾಯಿಪಾಠವಾಗಿತ್ತು. ಅವನು ನ್ಯಾಮತಿಯಲ್ಲಿ ಕಾಲೇಜು ಓದಿದ್ದು ಈ ಮನೆಯಲ್ಲೇ ಇದ್ದುಕೊಂಡು. ಒಲೆಯ ಹತ್ತಿರ ಮಣೆ ಎಳೆದುಕೊಂಡು ಕೂರುತ್ತಿದ್ದ ಹುಡುಗ, ಭೌತಶಾಸ್ತ್ರದ ಪುಸ್ತಕವನ್ನು ಗೋಡೆಗೆ ಒರಗಿಸಿ. ಕಾವಲಿಯಿಂದ ಉಬ್ಬಿದ ಚಪಾತಿಯನ್ನು ಅವಳು ಹಾಗೇ ಅವನ ತಟ್ಟೆಗೆ ಎಸೆಯುತ್ತಿದ್ದಳು, ಅವನು ಬೆರಳು ಸುಟ್ಟುಕೊಂಡು ಹಾ ಹಾ ಎನ್ನುತ್ತಿದ್ದ. ಸಾಕು ಅತ್ತೆ. ಇನ್ನೊಂದು ಹಾಕ್ಕೊ. ಸಾಕು ಅಂದ್ನಲ್ಲ. ನಿಮ್ಮವ್ವ ನೋಡಿದ್ರೆ ಅತ್ತೆ ಉಪವಾಸ ಕೆಡವಿದ್ಲು ಅಂತಾಳೆ, ಹಾಕ್ಕೊ ಇನ್ನೊಂದು. ಎಷ್ಟು ಹಾಕಿದರೂ ಹುಡುಗ ತೆಳ್ಳಗಾಗುತ್ತಲೇ ಹೋದ. ಹೊಟ್ಟೆ ಮಾತ್ರ ತಂಬಿಗೆಯ ಹಾಗೆ ಮುಂದೆ. ಊಟವಾದ ಮೇಲೆ ಹಿತ್ತಿಲಿಗೆ ಓಡುವುದು, ಬಂದು ಗೋಡೆ ಹಿಡಿದು ನಿಲ್ಲುವುದು. ರಜೆಗೆ ಊರಿಗೆ ಹೋದರೆ ಹದಿನೈದು ದಿನದಲ್ಲಿ ಕೆನ್ನೆ ತುಂಬಿಕೊಂಡು ಬರುತ್ತಿದ್ದ, ಬಂದ ತಿಂಗಳಿಗೆ ಮತ್ತೆ ಹಾಗೇ. ಅತ್ತಿಗೆ ಶಂಕ್ರಮ್ಮ ಇದನ್ನು ಗಮನಿಸಿದಳು. ಗಮನಿಸದೆ ಇರಲು ಆಗುತ್ತದೆಯೇ, ಅವಳು ತಾಯಿ. ಹೊಳೆಯಾಚೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದರು, ಅಲ್ಲೊಬ್ಬ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ ಮದ್ದು ತೆಗೆಯುತ್ತಾನೆ. ತೆಗೆದ. ಕೂದಲು ಸುತ್ತಿದ ಕಪ್ಪು ಉಂಡೆಯೊಂದು ಹೊರಬಿತ್ತಂತೆ. ಯಾರ ಹೆಸರನ್ನೂ ಅವನು ಹೇಳಲಿಲ್ಲವಂತೆ, ಯಾರ ಮನೆಯ ಅನ್ನ ಎಂದು ಮಾತ್ರ ಕೇಳಿದನಂತೆ. ಹುಡುಗ ಏನೂ ಅನ್ನಲಿಲ್ಲವಂತೆ. ಆ ‘ಏನೂ ಅನ್ನಲಿಲ್ಲ’ವನ್ನು ವನಜಾಕ್ಷಿ ಎಷ್ಟು ಸಲ ಬಿಚ್ಚಿ ಎಷ್ಟು ಸಲ ಮತ್ತೆ ಹೊಲಿದಿದ್ದಾಳೋ. ಪುಸ್ತಕ, ಹಾಸಿಗೆ, ಒಂದು ಟ್ರಂಕು ಒಯ್ಯಲು ಅಣ್ಣ ಆಟೋ ತಂದಿದ್ದ. ನೀರು ಕೂಡ ಕುಡಿಯದೆ ಹೋದ.

ಅದಕ್ಕೇ ಫೋನ್ ಇಟ್ಟವಳೇ ಅಡುಗೆಮನೆಗೆ ಹೋಗಿ ಗೋಧಿ ನೆನೆಹಾಕಿದ್ದಳು. ಹುಗ್ಗಿ ಅವನಿಗೆ ಪ್ರಾಣ. ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ, ಕೊಬ್ಬರಿ. ಅಂಗಡಿಗೆ ಹೊರಟಿದ್ದ ಗಂಡ ವಾಸನೆಗೆ ತಿರುಗಿ ಬಂದು ಸೌಟಿಗೆ ಕೈ ಹಾಕಿ ಏಟು ತಿಂದಿದ್ದ. ಅನ್ನ, ಮೆಂತ್ಯದ ಸೊಪ್ಪಿನ ಬೇಳೆ ಸಾರು. ಎಲ್ಲವನ್ನೂ ಮುಚ್ಚಿಟ್ಟು, ಕೈ ತೊಳೆದು, ಮತ್ತೆ ತೊಳೆದು, ಮೆಷಿನ್ನಿನ ಮುಂದೆ ಕೂತಿದ್ದಳು. ಚೌಡೇಶ್ವರಿ ಹೋದ ಮೇಲೆ ಹೊಲಿಗೆ ಸಾಗಲಿಲ್ಲ. ಅವನು ಊಟಕ್ಕೆ ಯಾಕೆ ಬರುತ್ತಾನೆ? ಪರೀಕ್ಷೆ ಮಾಡಲಿಕ್ಕೋ? ಹೆಂಡತಿ ಕಳಿಸಿದಳೋ? ಅಥವಾ ಸುಮ್ಮನೆ, ಹಸಿವಾಗಿ?

ಬೈಕು ಬಂತು. ಇಂಜಿನ್ ನಿಂತಿತು.

ಅವನ ಹಿಂದೆಯೇ ಶಿವಮೂರ್ತಪ್ಪನೂ ಅಂಗಡಿಯಿಂದ ಬಂದ. “ಏನ್ಲಾ ಸಿದ್ದ, ಚನ್ನಗಿರಿನಾಗೆ ಪೈಪಿನ ಅಂಗಡಿ ಹಾಕಿದ ಮ್ಯಾಲೆ ದೊಡ್ಡ ಸಾವ್ಕಾರ ಆಗಿಬಿಟ್ಟೆ, ಈ ಕಡಿಗೇ ತಲಿ ಹಾಕಲ್ಲ.” ಸಿದ್ದು ನಕ್ಕ. ಮೈ ಕೈ ತುಂಬಿಕೊಂಡಿದ್ದ. ಒಳಗೆ ಬಂದು, ಚಪ್ಪಲಿ ಬಿಟ್ಟು, ಹಳೆಯ ಜಾಗದಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಬಿಂದಿಗೆಯಿಂದ ತಾನೇ ನೀರು ಬಗ್ಗಿಸಿಕೊಂಡು ಗಟಗಟ ಕುಡಿದ. ಅವನು ಕೆಳಗಿಟ್ಟ ಖಾಲಿ ಲೋಟವನ್ನು ವನಜಾಕ್ಷಿ ನೋಡಿದಳು. ಎಷ್ಟು ಸುಲಭವಾಗಿ ಕುಡಿದುಬಿಟ್ಟ.

“ಅತ್ತೆ, ಕೂತ್ಕೋ. ಒಂದ್ ವಿಷ್ಯ ಹೇಳ್ಬೇಕು.”

“ನಿಂತ್ರೆ ಕೇಳಲ್ವೇನೋ ನಂಗೆ?”

“ಗೋಧಿ ಅತ್ತೆ. ನಂಗೆ ಗೋಧಿ ಆಗಲ್ಲ. ಅಷ್ಟೇ ನನ್ ಕಾಯಿಲೆ.”

ಅವಳು ಮುಖ ನೋಡಿದಳು. ಅವನು ಒಂದೇ ಉಸಿರಿಗೆ ಹೇಳಿದ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದವನ ಹಾಗೆ. “ಅಂಗಡಿ ಹಾಕಿದ ಮ್ಯಾಲೆ ಹೊರಗಡೆ ಪೂರಿ, ಪರೋಟ, ಬನ್ನು ಅಂತ ತಿಂದು ತಿಂದು ಮತ್ತೆ ಶುರುವಾಗಿತ್ತು. ಹಳೇ ಮದ್ದಿನ ಬೇರು ಉಳ್ಕಂಡೈತೆ ಅಂದ್ಲು ಅವ್ವ. ಡಾಕ್ಟ್ರುಗಳು ಗ್ಯಾಸ್ಟ್ರಿಕ್ಕು ಅಂದ್ರು, ಕರುಳು ಸೂಕ್ಷ್ಮ ಅಂದ್ರು, ಟೆನ್ಶನ್ ಮಾಡ್ಕಬ್ಯಾಡ ಅಂದ್ರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದೇ ನುಂಗಿದ್ದು. ಈಗ ದಾವಣಗೆರೆನಾಗೆ ಒಬ್ರು ಲೇಡಿ ಡಾಕ್ಟ್ರು, ರಕ್ತ ನೋಡಿ, ಬಾಯಾಗಿಂದ ಕ್ಯಾಮೆರಾ ಬಿಟ್ಟು ನೋಡಿ, ಸೀಲಿಯಾಕ್ ಅಂದ್ರು. ಗೋಧಿ ಒಳಗೆ ಹೋತು ಅಂದ್ರೆ ಕರುಳನ್ನ ನಮ್ ಮೈಯೇ ಹೊಡೀತೈತಂತೆ. ನೋಡಾಕೆ ಥೇಟ್ ಗ್ಯಾಸ್ಟ್ರಿಕ್ ಇದ್ದಂಗೇ ಇರ್ತೈತೆ, ಅದಕ್ಕೇ ಭಾಳ ಜನಕ್ಕೆ ಗೊತ್ತೇ ಆಗಲ್ಲ ಅಂದ್ರು. ಬಿಟ್ಟು ಮೂರು ತಿಂಗಳಾತು. ನೋಡಿಲ್ಲಿ, ಬೆಲ್ಟು ಹೊಸದು.”

“ಗೋಧಿನಾ?” ಎಂದ ಶಿವಮೂರ್ತಪ್ಪ. “ಪಂಜಾಬಿನಾಗೆ ಹುಟ್ಟಿದ್ರೆ ಏನ್ ಮಾಡ್ತಿದ್ದೆ ಮಗನೆ?”

“ಮದ್ದಲ್ಲ ಅತ್ತೆ,” ಸಿದ್ದುವಿನ ದನಿ ಒಡೆಯಿತು. “ಮದ್ದು ಅನ್ನೋದೇ ಇರ್ಲಿಲ್ಲ. ಆ ಉಂಡೆ ಮದ್ದು ತೆಗೆಯೋನ ಕೈಯಾಗೇ ಇತ್ತು ಅನ್ಸುತ್ತೆ. ನಾನು ಕಾರಿದ್ದು ಬರೀ ಹಸಿರು ನೀರು.”

ಮದ್ದಲ್ಲ. ಈ ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳುವುದನ್ನು ಅವಳು ಎಷ್ಟು ರೀತಿಯಲ್ಲಿ ಕಲ್ಪಿಸಿಕೊಂಡಿದ್ದಳು. ಸಂತೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಅಂಗಳದಲ್ಲಿ. ಕಲ್ಪನೆಯಲ್ಲಿ ಅವಳು ಆಗ ಜೋರಾಗಿ ಅಳುತ್ತಿದ್ದಳು, ಇಲ್ಲವೆ ಯಾರಿಗೋ ಕೆನ್ನೆಗೆ ಬಾರಿಸುತ್ತಿದ್ದಳು. ಈಗ ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಳು, ಮೈಯೊಳಗೆ ಬೆಚ್ಚಗೆ ಏನೋ ಹರಡುತ್ತಿತ್ತು, ಸುಖವೇ ಇರಬೇಕು ಅದು. ಕೈಯನ್ನು ಎತ್ತಿ ನೋಡಿಕೊಂಡಳು. ಏನೂ ಇಲ್ಲದ ಕೈ. ಗೋಧಿ ಹಿಟ್ಟು ನಾದಿದ ಕೈ. ಅಲ್ಲಿಗೆ ಸುಖ ನಿಂತಿತು. ಗೋಧಿ ಹಿಟ್ಟು ನಾದಿದ ಕೈ. ಹುಡುಗ ಕಾಲೇಜಿಗೆಂದು ಬಂದ ಆ ವರ್ಷವಷ್ಟೇ ಗಂಡನಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಅನ್ನ ಕಡಿಮೆ ಮಾಡಿ ಚಪಾತಿ ಕೊಡು ಎಂದಿದ್ದರು ಡಾಕ್ಟರು. ಒಬ್ಬರಿಗೊಂದು ಒಬ್ಬರಿಗೊಂದು ಮಾಡುವುದು ಯಾಕೆ ಎಂದು ಇಡೀ ಮನೆಗೇ ಬೆಳಿಗ್ಗೆ ಚಪಾತಿ, ರಾತ್ರಿ ಚಪಾತಿ. ಬಸವಾಪಟ್ಟಣದಲ್ಲಿ ಮುದ್ದೆ, ರೊಟ್ಟಿ, ಅನ್ನ. ಅಲ್ಲಿ ಕೆನ್ನೆ ತುಂಬುತ್ತಿದ್ದದ್ದು ಅದಕ್ಕೆ. ಇಲ್ಲಿ ಇಳಿಯುತ್ತಿದ್ದದ್ದು ಇದಕ್ಕೆ. ಶಂಕ್ರಮ್ಮ ತಪ್ಪು ನೋಡಿರಲಿಲ್ಲ. ಯಾರ ಮನೆಯ ಅನ್ನ ಎಂದು ಕೇಳಿದವನೂ ತಪ್ಪು ಕೇಳಿರಲಿಲ್ಲ. ಸಾಕು ಅತ್ತೆ. ಇನ್ನೊಂದು ಹಾಕ್ಕೊ.

“ಹಂಗಾದ್ರೆ ನನ್ ಚಪಾತಿಯಿಂದ್ಲೇ” ಎಂದಳು.

“ಅಯ್ಯೋ ಅತ್ತೆ, ನಾನು ಹಂಗಂದ್ನಾ?”

“ಚಪಾತಿ ಬಂದಿದ್ದು ನನ್ ಸಕ್ಕರೆಗೆ,” ಶಿವಮೂರ್ತಪ್ಪ ಮೀಸೆ ಒರೆಸಿಕೊಂಡ. “ಹಂಗಂದ್ರೆ ಹುಡುಗನಿಗೆ ಮದ್ದು ಹಾಕಿದೋನು ನಾನು ಅಂತಾತು. ಇವತ್ತೇ ಬಸ್‌ಸ್ಟ್ಯಾಂಡಾಗೆ ಹೇಳ್ತೀನಿ ಬಿಡು, ಇನ್ನು ಮುಂದೆ ಮೋಟಾರ್ ಕೊಡಾಕೂ ಹೆದರ್ಲಿ ನನ್ಮಕ್ಳು.” ಅವನು ನಗಿಸಲು ನೋಡುತ್ತಿದ್ದ. ಕಣ್ಣು ಅವಳ ಮುಖದಿಂದ ಕದಲಿರಲಿಲ್ಲ.

“ನಿಂಗೇನ್ ಗೊತ್ತಿತ್ತು ಅತ್ತೆ. ಅದು ಬಿಡು. ಹೊಟ್ಟೆ ಹಸಿದೈತೆ. ಏನ್ ಮಾಡೀಯಾ?”

ಅಡುಗೆಮನೆಗೆ ಹೋದಳು. ಹುಗ್ಗಿಯ ಪಾತ್ರೆ ಇನ್ನೂ ಬೆಚ್ಚಗಿತ್ತು. ಅದನ್ನು ಎತ್ತಿ, ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ, ಒಲೆಯ ಕಟ್ಟೆಯಿಂದ ದೂರ, ಹಿತ್ತಿಲ ಬಾಗಿಲ ಹಿಂದೆ ಇಟ್ಟಳು. ಮೇಲೆ ತಟ್ಟೆ, ತಟ್ಟೆಯ ಮೇಲೆ ಕುಟ್ಟಾಣಿ, ಒಳಗಿರುವುದು ಎದ್ದು ಬರದ ಹಾಗೆ. ಸಾರಿನ ಮುಚ್ಚಳ ತೆಗೆದಳು. ಒಗ್ಗರಣೆಯ ಪರಿಮಳ. ನಿಂತಲ್ಲಿಂದಲೇ ಕೂಗಿ ಕೇಳಿದಳು: “ಸಾರಿಗೆ ಇಂಗು ಹಾಕೀನಿ. ಇಂಗು ಆಗ್ತೈತಾ?” ಅವನು ತಡೆದು ಹೇಳಿದ: “ಕೆಲವಕ್ಕೆ ಗೋಧಿಹಿಟ್ಟೋ ಮೈದಾನೋ ಬೆರೆಸ್ತಾರಂತೆ ಅತ್ತೆ. ನೋಡಿ ತಗೋಬೇಕು ಅಂದಾರೆ. ಪರವಾಗಿಲ್ಲ, ಸಾರು ಬ್ಯಾಡ ಬಿಡು.” ಇಂಗಿನ ಡಬ್ಬಿ ಅವಳ ಕೈಯಲ್ಲಿತ್ತು. ಹಳದಿ ಡಬ್ಬಿ. ಹುಡುಗ ಹೊಟ್ಟೆ ಹಿಡಿದುಕೊಂಡು ಮಗ್ಗುಲಾದಾಗ ಮಜ್ಜಿಗೆಗೆ ಇದನ್ನು ಕದಡಿ, ಉಪ್ಪು ಹಾಕಿ, ತಲೆ ಎತ್ತಿ ಹಿಡಿದು ಕುಡಿಸುತ್ತಿದ್ದಳು. ಕುಡಿ, ವಾಯು ಬಿಡುಗಡೆ ಆಗ್ತೈತೆ. ಅವನು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದ, ಅವಳನ್ನು ನಂಬಿ. ನೋವು ಹೆಚ್ಚಾದಷ್ಟೂ ಅವಳು ಇಂಗು ಹೆಚ್ಚು ಹಾಕಿದಳು. ಈಗ ಹೊರಗೆ ಮಾವ ಸೋದರಳಿಯ ಯಾವುದೋ ಮೋಟಾರಿನ ವಿಷಯ ಮಾತಾಡುತ್ತಿದ್ದರು, ಅವಳಿಗೆ ಆ ಹುಡುಗನ ತಲೆಯ ಭಾರ ಅಂಗೈಯಲ್ಲಿ ಹಾಗೇ ತಿಳಿಯುತ್ತಿತ್ತು, ಎಣ್ಣೆ ಹಚ್ಚಿದ ಕೂದಲು, ಬೆವರು.

“ಅನ್ನ ಮೊಸರು ಹಾಕು ಸಾಕು” ಎಂದ ಸಿದ್ದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು.

ಅನ್ನ. ಬಿಳಿ ಅನ್ನ, ಅದರಲ್ಲಿ ಏನಿರಲು ಸಾಧ್ಯ. ಅವಳು ಸೌಟು ತೆಗೆದುಕೊಂಡಳು. ಹುಗ್ಗಿ ತಿರುವಿದ್ದು ಈ ಸೌಟಿನಿಂದಲೋ ಇನ್ನೊಂದರಿಂದಲೋ? ಗಂಡ ಕೈ ಹಾಕಿದ್ದು ಯಾವುದಕ್ಕೆ? ತಿರುವಿ, ಏಟು ಹಾಕಿ, ಆಮೇಲೆ ಅನ್ನ ಬೆಂದಿದೆಯಾ ಎಂದು ಇದರಿಂದಲೇ ಒಂದು ಅಗುಳು ತೆಗೆದೆನೋ? ನೆನಪಾಗಲಿಲ್ಲ. ಬೆಳಗಿನಿಂದ ತಾನು ಏನೇನು ಮುಟ್ಟಿದೆ, ಮೊದಲು ಯಾವುದು ಆಮೇಲೆ ಯಾವುದು, ಎಲ್ಲ ಕಲಸಿಹೋಗಿತ್ತು. ಅನ್ನದ ಮೇಲೆ ಸಣ್ಣಗೆ ಕಂದು ಬಣ್ಣದ್ದೇನೋ ಒಂದು ಕಣ ಕಂಡಿತು, ಹತ್ತಿರ ಬಗ್ಗಿದರೆ ಕಾಣಲಿಲ್ಲ. ಇಷ್ಟು ವರ್ಷ ಊರು ಅವಳ ಕೈಯನ್ನು ನೋಡಿದ ರೀತಿಯಲ್ಲಿ ಅವಳು ಮೊದಲ ಸಲ ಪೂರ್ತಿಯಾಗಿ ಅದನ್ನು ನೋಡಿದಳು. ಚೌಡೇಶ್ವರಿ ಕ್ಯಾಲೆಂಡರ್ ನೋಡಿದ್ದು ಯಾಕೆ ಎಂದು ಈಗ ತಿಳಿಯಿತು. ಭಯ ಅಂದರೆ ಹೀಗೆ ಇರುತ್ತದೆ, ಮಾತಿಗೆ ಸಿಗದ ಹಾಗೆ, ಸೌಟಿನ ತುದಿಯಲ್ಲಿ.

ಸೌಟು ಇಟ್ಟಳು. ಗೊನೆಯಿಂದ ಎರಡು ಬಾಳೆಹಣ್ಣು ಕಿತ್ತು ತಂದು ಅವನ ಕೈಗೆ ಕೊಟ್ಟಳು. ಅವನು ಹಣ್ಣು ನೋಡಿದ, ಅವಳನ್ನು ನೋಡಿದ. “ಇದು ಹೊರಗಿನೋರಿಗೆ ಕೊಡೋದಲ್ವಾ ಅತ್ತೆ” ಎಂದ, ನಗಲು ನೋಡುತ್ತ. ಅವನಿಗೂ ಗೊತ್ತಿತ್ತು ಹಾಗಾದರೆ. ಬೈಕಿನ ಮೇಲೆ ಕೂತವನು ಎಲ್ಲವನ್ನೂ ಕಂಡಿದ್ದ. “ತಿನ್ನು, ಒಳ್ಳೆ ಹಣ್ಣು” ಎಂದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಧಾನವಾಗಿ ಸುಲಿದು ತಿಂದ, ಎರಡನ್ನೂ, ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಅವನ ಗಂಟಲು ಏರಿಳಿಯುವುದನ್ನು ಅವಳು ನೋಡುತ್ತ ನಿಂತಳು. ಎಷ್ಟು ದಿನದ ಮೇಲೆ.

“ಭಾನುವಾರ ನನ್ ಮಗಳ ತೊಟ್ಟಿಲು ಕಾರ್ಯ,” ಎಂದ. “ನಿಂಗೆ ಹೇಳಾಕೇ ಬಂದಿದ್ದು. ಮಗು ನಿನ್ ಥರಾನೇ ಐತಂತೆ, ಹಣೆ ದೊಡ್ಡದು. ಬಸವಾಪಟ್ಟಣದಾಗೇ ಮಾಡ್ತೀವಿ. ನಮ್ಮೋರು ಎಲ್ಲಾ ಬರ್ತಾರೆ, ಇಲ್ಲಿಂದಾನೂ ಕರ್ದೀನಿ, ನಿನ್ ಬೀದಿಯೋರ್ನೂ. ಅತ್ತೆ, ನೀನು ಬಡಿಸ್ಬೇಕು. ಪಂಕ್ತಿಯಾಗೆ ಮೊದ್ಲು ನನ್ ಎಲೆಗೆ. ಎಲ್ರ ಮುಂದೆ ನಿನ್ ಕೈಯಿಂದ ಹಾಕಿಸ್ಕೊಂಡು ಉಣ್ತೀನಿ. ಯಾವ ನನ್ಮಗ ಏನಂತಾನೋ ನೋಡೋಣ. ಅವತ್ತಿಗೆ ಮುಗೀತು ಇದು.”

ಅವಳಿಗೆ ಕಂಡಿತು. ಶಾಮಿಯಾನದ ಕೆಳಗೆ ಉದ್ದಕ್ಕೆ ಎಲೆಗಳು, ನೀರು ಚಿಮುಕಿಸಿದ ಎಲೆಗಳು, ಸೆರಗು ಸಿಕ್ಕಿಸಿ ಬಗ್ಗಿ ಬಗ್ಗಿ ಬಡಿಸುತ್ತ ಹೋಗುವ ತಾನು. ಬಿಸಿಯೂಟದ ಕಾಲದಲ್ಲಿ ಹಾಗೆ ಬಡಿಸುತ್ತಿದ್ದಳು, ಮಕ್ಕಳು ತಟ್ಟೆ ಎತ್ತಿ ಹಿಡಿದು ಆಂಟಿ ನಂಗೆ ಆಂಟಿ ನಂಗೆ ಎನ್ನುತ್ತಿದ್ದರು. ಅದು ಬೇಕಿತ್ತು ಅವಳಿಗೆ. ಅದು ಎಷ್ಟು ಬೇಕಿತ್ತು ಎಂದರೆ ಕೈ ತಾನಾಗಿ ಸೆರಗಿಗೆ ಹೋಯಿತು, ಸಿಕ್ಕಿಸಲು. ಸಾಲಿನ ತುದಿಯಲ್ಲಿ ಶಂಕ್ರಮ್ಮ, ಅಣ್ಣ, ಬೀದಿಯ ಹೆಂಗಸರು. ಅವರೆಲ್ಲ ಎಲೆ ನೋಡುತ್ತಿರಲಿಲ್ಲ, ಅವಳ ಬೆರಳು ನೋಡುತ್ತಿದ್ದರು. ಸಿದ್ದು ತುತ್ತು ಎತ್ತಿದ, ಎಲ್ಲರ ಕಣ್ಣೂ ಅವನ ಗಂಟಲಿಗೆ ಹೋಯಿತು, ಅವನು ನುಂಗಿದ, ನಕ್ಕ, ಆಮೇಲೂ ಅವರು ನೋಡುತ್ತಲೇ ಇದ್ದರು, ಸಂಜೆಯವರೆಗೆ, ಮರುದಿನದವರೆಗೆ, ಹೊಟ್ಟೆ ಏನು ಮಾಡುತ್ತದೆ ಎಂದು.

“ಅಡುಗೆನಾಗೆ ಗೋಧಿ ಒಂದು ಕಾಳೂ ಇಲ್ಲ, ಭಟ್ಟರಿಗೆ ಹೇಳೀನಿ” ಎನ್ನುತ್ತಿದ್ದ ಸಿದ್ದು. “ಸಾಮೆ ಪಾಯಸ ಮಾಡಿಸ್ತೀವಿ. ಅವ್ವನೂ ಒಪ್ಪಿದ್ಲು. ಒಂದೇ ಮಾತು ಅಂದ್ಲು...” ಸಿಪ್ಪೆಯನ್ನು ಕೈಯಿಂದ ಕೈಗೆ ಬದಲಾಯಿಸಿದ. “ಮೊದ್ಲು ನೀನು ಒಂದು ತುತ್ತು ಬಾಯಿಗೆ ಹಾಕ್ಕೊಂಡು ಆಮೇಲೆ ಬಡಿಸಿದ್ರೆ ಜನಕ್ಕೂ ಒಂದು ಸಮಾಧಾನ ಅಂತ. ಅವಳ ಬುದ್ಧಿ ನಿಂಗೆ ಗೊತ್ತಲ್ಲ. ಅದೊಂದು ಶಾಸ್ತ್ರ ಅಂದ್ಕೊ.”

ಶಿವಮೂರ್ತಪ್ಪ ಹೊರಗಿನ ಕೋಣೆಯಿಂದ ಕೆಮ್ಮಿದ. ವನಜಾಕ್ಷಿಗೆ ಆಶ್ಚರ್ಯವಾಗುವಂತೆ, ಅವಳಿಗೆ ಸಿಟ್ಟು ಬರಲಿಲ್ಲ. ಬಾಗಿಲಲ್ಲಿ ನಿಂತ ಈ ದೊಡ್ಡ ಮನುಷ್ಯ, ಹೊಸ ಬೆಲ್ಟಿನವನು, ಕೈಯಲ್ಲಿ ಸಿಪ್ಪೆ ಎಲ್ಲಿ ಹಾಕುವುದು ತಿಳಿಯದೆ ನಿಂತಿದ್ದಾನೆ. ಅವನು ತಂದಿರುವುದು ತನ್ನ ಶಕ್ತಿಯಲ್ಲಿ ಇದ್ದದ್ದೆಲ್ಲ. ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಹತ್ತಿರ ಹೋಗಿ ಮುಷ್ಟಿ ಬಿಡಿಸಿ ಸಿಪ್ಪೆ ತೆಗೆದುಕೊಂಡಳು, ಅಂಟಿದ ಅಂಗೈಯನ್ನು ಸೆರಗಿನಿಂದ ಒರೆಸಿದಳು, ಹುಡುಗನಾಗಿದ್ದಾಗ ಒರೆಸುತ್ತಿದ್ದ ಹಾಗೇ ಬೆರಳಿನ ಸಂದಿ ಸಂದಿ.

“ಬರ್ತೀನಿ” ಎಂದಳು. “ಮಗುಗೆ ಲಂಗ ಹೊಲ್ಕೊಂಡು ಬರ್ತೀನಿ. ಎತ್ಕೊಂಡು ಆಡಿಸ್ತೀನಿ. ಎಲ್ರೂ ಕೂತಂಗೆ ನಾನೂ ಪಂಕ್ತಿಯಾಗೆ ಕೂತು ಉಣ್ತೀನಿ.”

“ಬಡಿಸೋದು?”

“ಬಡಿಸಲ್ಲ.”

“ಅವ್ವನ ಮಾತಿಗೆ ಬ್ಯಾಸರ ಮಾಡ್ಕಂಡ್ಯಾ? ಆ ತುತ್ತಿನ ಮಾತು ಬ್ಯಾಡ ಬಿಡು ಅತ್ತೆ. ನಾನು ಹೇಳ್ತೀನಿ ಅವಳಿಗೆ. ಸುಮ್ನೆ ಬಂದು ನನ್ ಒಬ್ಬನ ಎಲೆಗೆ ಒಂದೇ ಒಂದು ಸೌಟು.”

“ಇಲ್ಲ ಸಿದ್ದು,” ಎಂದಳು ವನಜಾಕ್ಷಿ. “ನಾನು ಬಡಿಸಲ್ಲ.”